ನೀರಿನ ಜಾಡಿನಲ್ಲಿ ಶ್ರೀಲಂಕಾ

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಸಭಿಕ ಬಂಧುಗಳೇ,

ಶ್ರೀಲಂಕಾಕ್ಕೆ ಹೊರಡುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಪಟ್ಟಿಗಳಿರುತ್ತವೆ. ಅನುರಾಧಪುರ, ಪೊಲೊನ್ನರುವ, ಸಿಗಿರಿಯ, ದಂಬುಲ್ಲ, ಕ್ಯಾಂಡಿ, ಗಾಲೆ ಎಂಬ ಚಾರಿತ್ರಿಕ ಸ್ಥಳಗಳದು ಒಂದು ಪಟ್ಟಿ. ಹಾರ್ಟನ್ ಬಯಲು, ಶ್ರೀಪಾದ ಶಿಖರ, ಸಿಂಹರಾಜ ಕಾಡು, ಮಿನ್ನೇರಿಯದ ಆನೆಗಳು, ನುವರ ಎಲಿಯದ ಚಹಾ ಗುಡ್ಡಗಳು ಎಂಬ ನಿಸರ್ಗ ತಾಣಗಳದು ಇನ್ನೊಂದು. ಯುನೆಸ್ಕೋ ಸಂಸ್ಥೆಯೂ ಆ ದೇಶದ ಎಂಟು ವಿಶ್ವ ಪರಂಪರೆಯ ತಾಣಗಳನ್ನು ಆರು ಸಾಂಸ್ಕೃತಿಕ, ಎರಡು ಪ್ರಾಕೃತಿಕ ಎಂದು ಹೀಗೆಯೇ ವಿಂಗಡಿಸಿದೆ. ಟಿಕೆಟ್ ಕೊಳ್ಳುವ ಮಟ್ಟಿಗೆ ಈ ವಿಂಗಡಣೆ ಅನುಕೂಲಕರವೇ ಹೌದು. ಆದರೆ ಆ ದ್ವೀಪವನ್ನು ಅರ್ಥಮಾಡಿಕೊಂಡು ನೋಡಬೇಕೆನ್ನುವವರಿಗೆ ಇದು ಅಡ್ಡಿಯಾಗುತ್ತದೆ ಎಂಬುದು ನನ್ನ ವಾದ. ಅಲ್ಲಿ ಇತಿಹಾಸವೆಂದು ನಾವು ನೋಡುವುದರ ಬುಡದಲ್ಲಿ ಮಳೆಯ ಲೆಕ್ಕವಿದೆ. ನಿಸರ್ಗವೆಂದು ನಾವು ಬೆರಗಾಗುವುದರ ಬಹುಪಾಲು ಮನುಷ್ಯರ ಕೈಯಿಂದ ಆದದ್ದು. ಎರಡನ್ನೂ ಹೆಣೆದಿರುವುದು ನೀರು. ಆದ್ದರಿಂದ ಇಂದು ನಾನು ಸ್ಥಳಗಳ ಪರಿಚಯವನ್ನು ಒಂದೊಂದಾಗಿ ಮಾಡಿಕೊಡುವ ಬದಲು ನೀರು ಹರಿದ ದಾರಿಯಲ್ಲಿ ನಿಮ್ಮನ್ನು ಕರೆದೊಯ್ಯಲು ಪ್ರಯತ್ನಿಸುತ್ತೇನೆ.

ಮೊದಲಿಗೆ ಸ್ವಲ್ಪ ಭೂಗೋಳ. ಸುಮಾರು 65,600 ಚದರ ಕಿಲೋಮೀಟರ್ ವಿಸ್ತೀರ್ಣದ ಈ ದ್ವೀಪದ ನಡುವೆ, ತುಸು ದಕ್ಷಿಣಕ್ಕೆ ಸರಿದಂತೆ, ಪರ್ವತಗಳ ಗುಂಪೊಂದು ಎದ್ದು ನಿಂತಿದೆ. ಅದರ ಅತಿ ಎತ್ತರದ ಶಿಖರವಾದ ಪಿದುರುತಲಾಗಲ 2,524 ಮೀಟರ್ ಎತ್ತರವಿದೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೀಸುವ ನೈಋತ್ಯ ಮಾರುತವನ್ನು ಈ ಪರ್ವತಗಳು ತಡೆಯುವುದರಿಂದ ನೈಋತ್ಯ ಭಾಗಕ್ಕೆ ಯಥೇಚ್ಛವಾಗಿ ಮಳೆ ಸುರಿಯುತ್ತದೆ. ಪರ್ವತಗಳ ಆಚೆಗಿರುವ ಉತ್ತರ ಮತ್ತು ಪೂರ್ವದ ವಿಶಾಲ ಬಯಲಿಗೆ ಮಳೆ ಬರುವುದು ಮುಖ್ಯವಾಗಿ ವರ್ಷದ ಕೊನೆಯಲ್ಲಿ, ಈಶಾನ್ಯ ಮಾರುತದ ಆಸುಪಾಸಿನ ಕೆಲವೇ ತಿಂಗಳುಗಳಲ್ಲಿ. ಉಳಿದ ಕಾಲವೆಲ್ಲ ಅಲ್ಲಿ ಬಿಸಿಲು ಮತ್ತು ಒಣಗಾಳಿ. ಭೂಗೋಳಶಾಸ್ತ್ರಜ್ಞರು ಮೊದಲನೆಯದನ್ನು ಆರ್ದ್ರ ವಲಯವೆಂದೂ ಎರಡನೆಯದನ್ನು ಶುಷ್ಕ ವಲಯವೆಂದೂ ಕರೆಯುತ್ತಾರೆ. ಸೋಜಿಗವೆಂದರೆ, ಮಹಾನಗರಗಳೂ ಮಹಾಸ್ತೂಪಗಳೂ ಹುಟ್ಟಿದ್ದು ನೀರು ಸಮೃದ್ಧವಾಗಿದ್ದ ನೈಋತ್ಯದಲ್ಲಲ್ಲ, ಒಣನೆಲದಲ್ಲಿ. ಅನುರಾಧಪುರ, ಸಿಗಿರಿಯ, ಪೊಲೊನ್ನರುವ ಮೂರೂ ಶುಷ್ಕ ವಲಯಕ್ಕೆ ಸೇರಿದವು. ಸಾವಿರಕ್ಕೂ ಹೆಚ್ಚು ವರ್ಷ ರಾಜಧಾನಿಯಾಗಿದ್ದ ನಗರವೊಂದು ಅಂಥ ನೆಲದಲ್ಲಿ ಹೇಗೆ ಬದುಕಿತು ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ಅನುರಾಧಪುರಕ್ಕೆ ಹೋದರೆ ಅಲ್ಲಿನ ಅವಶೇಷಗಳು ಬೇರೆಯೇ ರೀತಿಯಲ್ಲಿ ಮಾತನಾಡತೊಡಗುತ್ತವೆ.

ಅನುರಾಧಪುರದಲ್ಲಿ ಎಲ್ಲರೂ ನೋಡುವುದು ಸ್ತೂಪಗಳನ್ನು ಮತ್ತು ಬೋಧಿವೃಕ್ಷವನ್ನು. ನೋಡಲೇಬೇಕಾದವುಗಳೇ ಅವು. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ತೆ ತಂದಳೆಂದು ನಂಬಲಾದ ಬೋಧಿಯ ಕೊಂಬೆ ಇಂದಿಗೂ ಮರವಾಗಿ ಚಿಗುರುತ್ತಿದೆ. ಮನುಷ್ಯರು ನೆಟ್ಟ, ನೆಟ್ಟ ಕಾಲದ ದಾಖಲೆಯುಳ್ಳ ಮರಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಮಹಾಸೇನ ರಾಜ ಆರಂಭಿಸಿದ ಜೇತವನ ಸ್ತೂಪ ಮೂಲದಲ್ಲಿ ಸುಮಾರು 122 ಮೀಟರ್ ಎತ್ತರವಿತ್ತು. ಒಂಬತ್ತು ಕೋಟಿಗೂ ಮಿಕ್ಕಿದ ಇಟ್ಟಿಗೆಗಳಿಂದ ಕಟ್ಟಿದ ಅದು ಗಿಜಾದ ಎರಡು ಮಹಾ ಪಿರಮಿಡ್ಡುಗಳನ್ನು ಬಿಟ್ಟರೆ ಆ ಕಾಲದ ಜಗತ್ತಿನ ಅತಿ ಎತ್ತರದ ಕಟ್ಟಡಗಳ ಸಾಲಿಗೆ ಸೇರಿತ್ತು. ಈಗ ಸುಮಾರು 71 ಮೀಟರ್ ಉಳಿದಿದೆ. ಅಷ್ಟು ಇಟ್ಟಿಗೆ ಸುಟ್ಟವರಿಗೆ, ಹೊತ್ತವರಿಗೆ, ಸಾವಿರಾರು ಭಿಕ್ಷುಗಳಿಗೆ ದಿನವೂ ಅನ್ನ ಬೇಕಿತ್ತಲ್ಲವೇ? ಆ ಅನ್ನದ ಮೂಲ ಕಾಣುವುದು ಸ್ತೂಪದಿಂದ ಸ್ವಲ್ಪ ದೂರ ನಡೆದಾಗ. ಅಭಯ ವೆವ, ತಿಸ್ಸ ವೆವ, ನುವರ ವೆವ ಎಂಬ ಮೂರು ಕೆರೆಗಳು ನಗರವನ್ನು ಸುತ್ತುವರಿದಿವೆ. ಅಭಯ ವೆವ ಕ್ರಿ.ಪೂ. 4ನೇ ಶತಮಾನದ ಪಂಡುಕಾಭಯ ರಾಜನದು ಎಂಬ ಪ್ರತೀತಿಯಿದೆ. ಸಂಜೆ ಅದರ ಏರಿಯ ಮೇಲೆ ಒಂದು ಗಂಟೆ ಸುಮ್ಮನೆ ಅಡ್ಡಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅಲ್ಲಿಗೆ ಪ್ರವೇಶ ಶುಲ್ಕವೂ ಇಲ್ಲ, ಮಾರ್ಗದರ್ಶಿಗಳ ಗದ್ದಲವೂ ಇಲ್ಲ.

ನಮ್ಮಲ್ಲಿ ಕೆರೆಯ ಬಗ್ಗೆ ತಿಳಿವಳಿಕೆ ಇರುವವರಿಗೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಮಾತುಗಳನ್ನು ವಿವರಿಸಬೇಕಾಗಿಲ್ಲ. ಅವರು ಅಲ್ಲಿ ವಿಶೇಷವಾಗಿ ಗಮನಿಸಬೇಕಾದದ್ದು ಬಿಸೊಕೊಟುವ ಎಂಬ ರಚನೆಯನ್ನು. ಏರಿಯೊಳಗೆ ನಿಲ್ಲಿಸಿದ, ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಚೌಕಾಕಾರದ ಬಾವಿಯಂತಹ ಕೋಣೆ ಅದು. ದೊಡ್ಡ ಕೆರೆಯಲ್ಲಿ ನೀರಿನ ಒತ್ತಡ ಎಷ್ಟಿರುತ್ತದೆಂದರೆ, ತೂಬನ್ನು ನೇರವಾಗಿ ತೆರೆದರೆ ಹರಿವಿನ ರಭಸಕ್ಕೆ ಏರಿಯೇ ಕೊಚ್ಚಿಹೋಗಬಹುದು. ಈ ಕೋಣೆಯಲ್ಲಿ ನೀರಿನ ರಭಸವನ್ನು ತಗ್ಗಿಸಿ, ಬೇಕಾದಷ್ಟನ್ನು ಮಾತ್ರ ಹೊರಗೆ ಬಿಡುತ್ತಿದ್ದರು. 19ನೇ ಶತಮಾನದಲ್ಲಿ ಹಾಳುಬಿದ್ದ ಕೆರೆಗಳನ್ನು ಅಧ್ಯಯನ ಮಾಡಿದ ಬ್ರಿಟಿಷ್ ಎಂಜಿನಿಯರ್ ಹೆನ್ರಿ ಪಾರ್ಕರ್ ಇದರ ಜಾಣ್ಮೆಗೆ ಬೆರಗಾದರು. ಸಣ್ಣ ಹಳ್ಳಿಗಳ ಕೆರೆಗಳದು ಇನ್ನೊಂದು ಬಗೆಯ ಜಾಣ್ಮೆ. ಒಂದೇ ಕಣಿವೆಯಲ್ಲಿ ಮೇಲಿನ ಕೆರೆಯ ಗದ್ದೆಗಳಿಂದ ಬಸಿದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮತ್ತೂ ಕೆಳಗಿನದಕ್ಕೆ ಸೇರುವಂತೆ ಸಾಲಾಗಿ ಕೆರೆಗಳನ್ನು ಕಟ್ಟಿದ್ದಾರೆ. ಕೆರೆಯ ಮೇಲ್ಭಾಗದಲ್ಲಿ ಗಾಳಿಯನ್ನು ತಡೆದು ಆವಿಯಾಗುವಿಕೆಯನ್ನು ಕಡಿಮೆ ಮಾಡುವ ಮರಗಳ ಸಾಲು, ಏರಿಯ ಕೆಳಗೆ ಉಪ್ಪಿನಂಶವನ್ನು ಹೀರಿಕೊಳ್ಳುವ ಸಸ್ಯಗಳ ಪಟ್ಟಿ, ಇವೆಲ್ಲ ಆ ವ್ಯವಸ್ಥೆಯ ಭಾಗಗಳೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಇದನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದು ತಾವರೆ ಅರಳಿದ, ಕೊಕ್ಕರೆ ನಿಂತ, ಸುತ್ತ ಮರಗಳಿರುವ ಸುಂದರ ಪ್ರಕೃತಿ ದೃಶ್ಯ. ಪ್ರವಾಸಿಗರು ಅದರ ಚಿತ್ರ ತೆಗೆಯುತ್ತಾರೆ ಕೂಡ.

ಈಗ ಕಲಾ ವೆವಕ್ಕೆ ಬರೋಣ. ಈ ಕೆರೆಯನ್ನು ನೋಡದೆ ಸಿಗಿರಿಯಕ್ಕೆ ಹೋಗುವುದು ಕಥೆಯ ಮೊದಲ ಅಧ್ಯಾಯವನ್ನು ಬಿಟ್ಟು ಎರಡನೆಯದನ್ನು ಓದಿದ ಹಾಗೆ. 5ನೇ ಶತಮಾನದಲ್ಲಿ ಧಾತುಸೇನ ಎಂಬ ರಾಜ ಇದನ್ನು ಕಟ್ಟಿಸಿದ. ಇಲ್ಲಿಂದ ಅನುರಾಧಪುರದ ತಿಸ್ಸ ವೆವದವರೆಗೆ ಸುಮಾರು 87 ಕಿಲೋಮೀಟರ್ ಉದ್ದದ ಕಾಲುವೆಯೊಂದು ಹರಿಯುತ್ತದೆ. ಅದರ ಹೆಸರು ಜಯಗಂಗಾ. ಅದರ ಮೊದಲ ಭಾಗದಲ್ಲಿ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ. ಇಂದಿನ ಅಳತೆಯ ಉಪಕರಣಗಳಿಲ್ಲದ ಕಾಲದಲ್ಲಿ ಇಷ್ಟು ನವಿರಾದ ಇಳುಕಲನ್ನು ಕಾಡು, ಬಯಲುಗಳ ನಡುವೆ ಅವರು ಹೇಗೆ ಸಾಧಿಸಿದರೆಂಬುದನ್ನು ಎಂಜಿನಿಯರುಗಳು ಇಂದಿಗೂ ಆಸಕ್ತಿಯಿಂದ ಚರ್ಚಿಸುತ್ತಾರೆ. ಕಾಲುವೆಗೆ ಏರಿಯಿರುವುದು ಒಂದೇ ಬದಿಯಲ್ಲಿ. ಎತ್ತರದ ಬದಿಯನ್ನು ಹಾಗೆಯೇ ಬಿಟ್ಟಿರುವುದರಿಂದ ಅಕ್ಕಪಕ್ಕದ ಮಳೆನೀರೂ ಅದಕ್ಕೆ ಬಂದು ಸೇರುತ್ತದೆ. ಸಮೀಪದ ಅವುಕನದಲ್ಲಿ ಬಂಡೆಯಲ್ಲಿ ಕಡೆದ, ಸುಮಾರು 12 ಮೀಟರ್ ಎತ್ತರದ ನಿಂತ ಬುದ್ಧನ ವಿಗ್ರಹವಿದೆ. ಅದೂ ಧಾತುಸೇನನ ಕಾಲದ್ದೆಂದು ಹಲವರು ನಂಬುತ್ತಾರೆ.

ಧಾತುಸೇನನ ಅಂತ್ಯ ಮಾತ್ರ ದಾರುಣವಾದದ್ದು. ಪಾಳಿ ಭಾಷೆಯ ಹಳೆಯ ವಂಶಕಥನ ಹೇಳುವ ಪ್ರಕಾರ, ಮಗ ಕಾಶ್ಯಪ ತಂದೆಯನ್ನು ಸೆರೆಯಲ್ಲಿಟ್ಟು, ಬಚ್ಚಿಟ್ಟ ಸಂಪತ್ತನ್ನು ತೋರಿಸೆಂದು ಪೀಡಿಸಿದ. ಮುದುಕ ರಾಜ ತನ್ನನ್ನು ಕಲಾ ವೆವಕ್ಕೆ ಕರೆದೊಯ್ಯಲು ಹೇಳಿ, ಅಲ್ಲಿ ನೀರಿಗಿಳಿದು ಸ್ನಾನ ಮಾಡಿ, ತನ್ನ ಸಂಪತ್ತೆಲ್ಲ ಇದೇ ಎಂದು ಕೆರೆಯ ನೀರನ್ನು ತೋರಿಸಿದ. ಅದಕ್ಕೆ ಸಿಕ್ಕ ಪ್ರತಿಫಲ ಸಾವು. ಪಟ್ಟಕ್ಕೆ ನಿಜವಾದ ಹಕ್ಕುದಾರನಾಗಿದ್ದ ಸಹೋದರ ಮೊಗ್ಗಲ್ಲಾನ ಭಾರತಕ್ಕೆ ತಪ್ಪಿಸಿಕೊಂಡು ಹೋದ. ಅವನು ಸೈನ್ಯ ಕಟ್ಟಿಕೊಂಡು ಮರಳಿ ಬಂದಾನೆಂಬ ಭಯದಿಂದ ಕಾಶ್ಯಪ ಅನುರಾಧಪುರವನ್ನು ತೊರೆದು ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡ. ಆ ಬಂಡೆಯೇ ಸಿಗಿರಿಯ. ಅವನ ಆಳ್ವಿಕೆಯ ಕಾಲ ಕ್ರಿ.ಶ. 477ರಿಂದ 495. ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಭಿಕ್ಷು ಲೇಖಕರ ನೀತಿದೃಷ್ಟಿ ಎಂದು ವಿದ್ವಾಂಸರು ಅನುಮಾನಿಸುವುದುಂಟು, ಆ ಅನುಮಾನ ಸಕಾರಣವೂ ಹೌದು. ಆದರೂ ತಂದೆಯ ಕೆರೆ ಮತ್ತು ಮಗನ ಕೋಟೆ ಎರಡನ್ನೂ ಒಂದೇ ದಿನ ನೋಡಬಹುದಾದಷ್ಟು ಹತ್ತಿರವಿರುವಾಗ ಅವನ್ನು ಬೇರೆ ಬೇರೆಯಾಗಿ ಯೋಚಿಸುವುದು ಕಷ್ಟ.

ಸಿಗಿರಿಯದ ಬಂಡೆ ಸುತ್ತಲಿನ ಬಯಲಿನಿಂದ 180 ಮೀಟರಿಗೂ ಹೆಚ್ಚು ಎತ್ತರಕ್ಕೆ ನೆಟ್ಟಗೆ ಎದ್ದಿದೆ. ಸುತ್ತಲಿನ ನೆಲ ಕೋಟ್ಯಂತರ ವರ್ಷಗಳಲ್ಲಿ ಸವೆದು ಹೋದಾಗ ಸವೆಯದೆ ಉಳಿದ ಗಟ್ಟಿ ಶಿಲೆ ಅದು. ಸುಮಾರು 1,200 ಮೆಟ್ಟಿಲುಗಳನ್ನು ಹತ್ತಬೇಕು. ಬಹುತೇಕ ಪ್ರವಾಸಿಗರು ಬಿಸಿಲೇರುವ ಮುನ್ನ ಶಿಖರ ಮುಟ್ಟುವ ಆತುರದಲ್ಲಿ ಕೆಳಗಿನ ಜಲೋದ್ಯಾನವನ್ನು ದಾರಿಯಷ್ಟೇ ಎಂದು ಭಾವಿಸಿ ದಾಟಿಬಿಡುತ್ತಾರೆ. ನನ್ನ ಮಟ್ಟಿಗೆ ಸಿಗಿರಿಯದ ಅತ್ಯಂತ ಆಶ್ಚರ್ಯಕರ ಭಾಗ ಅದೇ. ಕಟ್ಟುನಿಟ್ಟಾದ ಸಮಮಿತಿಯಲ್ಲಿ ಕೊಳಗಳನ್ನು ಜೋಡಿಸಿ, ನೆಲದಡಿಯ ಕಾಲುವೆಗಳ ಮೂಲಕ ನೀರು ಹಾಯಿಸಿ, ರಂಧ್ರಗಳಿರುವ ಸುಣ್ಣಕಲ್ಲಿನ ಫಲಕಗಳಿಂದ ಕಾರಂಜಿ ಚಿಮ್ಮುವಂತೆ ಮಾಡಿದ್ದರು. ಯಂತ್ರವಿಲ್ಲ, ಎತ್ತರದ ವ್ಯತ್ಯಾಸದಿಂದ ಬರುವ ಒತ್ತಡವೇ ಅದರ ಬಲ. ಮಳೆಗಾಲದಲ್ಲಿ ಅವುಗಳಲ್ಲಿ ಕೆಲವು ಇಂದಿಗೂ ಚಿಮ್ಮುತ್ತವೆ. ಒಣನೆಲದ ನಡುವೆ ನೀರನ್ನು ವಿಲಾಸಕ್ಕೆ ಚಿಮ್ಮಿಸುವುದು ಅಧಿಕಾರದ ಪ್ರದರ್ಶನವಲ್ಲದೆ ಮತ್ತೇನು? ತಂದೆ ಗದ್ದೆಗೆ ಹರಿಸಿದ್ದನ್ನು ಮಗ ಉದ್ಯಾನಕ್ಕೆ ಹರಿಸಿದ. ಶಿಖರದ ಮೇಲೂ ಬಂಡೆಯನ್ನೇ ಕೊರೆದು ಮಾಡಿದ ದೊಡ್ಡ ಕೊಳವೊಂದಿದೆ.

ಮೇಲೇರುವ ದಾರಿಯ ಚಿತ್ರಗಳ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. ಮೋಡದ ನಡುವಿನಿಂದ ಮೇಲೆದ್ದಂತೆ ಸೊಂಟದವರೆಗೆ ಕಾಣುವ ಆ ಸ್ತ್ರೀಯರು ಅಪ್ಸರೆಯರೋ, ರಾಣಿಯರೋ, ಮೋಡ ಮಿಂಚುಗಳ ರೂಪಕವೋ ಎಂಬ ಚರ್ಚೆ ಮುಗಿದಿಲ್ಲ. ಉಳಿದಿರುವುದು ಇಪ್ಪತ್ತರ ಆಸುಪಾಸು ಚಿತ್ರಗಳು. 1967ರಲ್ಲಿ ದುಷ್ಕರ್ಮಿಗಳು ಬಣ್ಣ ಎರಚಿ ಕೆಲವನ್ನು ಹಾಳುಗೆಡವಿದ್ದರು. ಈಗ ಅವುಗಳ ಛಾಯಾಚಿತ್ರ ತೆಗೆಯಲು ಅನುಮತಿಯಿಲ್ಲ, ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಜನ ಕಣ್ಣಿನಿಂದ ನೋಡುತ್ತಾರೆ. ಇದಕ್ಕಿಂತ ಹೃದ್ಯವಾದದ್ದು ಪಕ್ಕದ ಕನ್ನಡಿ ಗೋಡೆ. ರಾಜ ಸತ್ತು, ಅರಮನೆ ಬರಿದಾಗಿ, ಜಾಗ ಭಿಕ್ಷುಗಳ ಪಾಲಾದ ಮೇಲೆ ಶತಮಾನಗಳ ಕಾಲ ಇಲ್ಲಿಗೆ ಬಂದ ಜನ, ಅವರಲ್ಲಿ ಹೆಂಗಸರೂ ಇದ್ದರು, ಚಿತ್ರಗಳನ್ನು ನೋಡಿ ತಮಗನ್ನಿಸಿದ್ದನ್ನು ಸಿಂಹಳ ಪದ್ಯಗಳಲ್ಲಿ ಆ ನುಣುಪು ಗೋಡೆಯ ಮೇಲೆ ಗೀಚಿದರು. ಪುರಾತತ್ವಜ್ಞ ಸೇನರತ್ ಪರಣವಿತಾನ ಅವುಗಳಲ್ಲಿ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸಿಂಹಳ ಕಾವ್ಯದ ಅತಿ ಹಳೆಯ ಉಳಿಕೆಗಳಲ್ಲಿ ಪ್ರವಾಸಿಗರ ಗೀಚುಗಳು ಸೇರಿವೆ ಎಂಬುದು ಪ್ರವಾಸಿಗರಾದ ನಮಗೆ ಹೆಮ್ಮೆಯ ವಿಷಯ. ಹಾಗೆಂದು ಈಗ ಯಾರೂ ಪ್ರಯತ್ನಿಸಬಾರದು, ಶಿಕ್ಷೆಯಿದೆ.

ಪೊಲೊನ್ನರುವ ರಾಜಧಾನಿಯಾದದ್ದು ಚೋಳರ ಕಾಲದಲ್ಲಿ. ರಾಜರಾಜ ಚೋಳನ ಸೈನ್ಯ 993ರಲ್ಲಿ ಅನುರಾಧಪುರವನ್ನು ಹಾಳುಗೆಡವಿತು; 1017ರಲ್ಲಿ ರಾಜೇಂದ್ರ ಚೋಳನ ಕಾಲದಲ್ಲಿ ಸಿಂಹಳ ರಾಜನೇ ಸೆರೆಯಾದ. ಮಹಾವೇಲಿ ನದಿಯ ಕಡವುಗಳನ್ನು ಕಾಯಲು ಅನುಕೂಲವೆಂದು ಚೋಳರು ಪೊಲೊನ್ನರುವವನ್ನು ಆರಿಸಿಕೊಂಡರು. ಅಲ್ಲಿನ ಕಲ್ಲಿನ ಶಿವಾಲಯವೊಂದು ಚೋಳ ರಾಣಿ ವಾನವನ್ ಮಾದೇವಿಯ ಹೆಸರನ್ನು ಹೊತ್ತಿದೆ. 1070ರಲ್ಲಿ ವಿಜಯಬಾಹು ಚೋಳರನ್ನು ಹೊರದೂಡಿದ ಮೇಲೂ ರಾಜಧಾನಿ ಅಲ್ಲಿಯೇ ಉಳಿಯಿತು. 1153ರಿಂದ 1186ರವರೆಗೆ ಆಳಿದ ಪರಾಕ್ರಮಬಾಹು, ಆಕಾಶದಿಂದ ಬಿದ್ದ ಒಂದು ಹನಿಯೂ ಜನರಿಗೆ ಉಪಯೋಗವಾಗದೆ ಸಮುದ್ರ ಸೇರಬಾರದು ಎಂದು ಹೇಳಿದನೆಂಬ ಮಾತು ಶ್ರೀಲಂಕಾದ ಶಾಲಾಮಕ್ಕಳಿಗೂ ಗೊತ್ತು. ಅವನ ಕೆರೆಗೆ ಪರಾಕ್ರಮ ಸಮುದ್ರ ಎಂಬ ಹೆಸರು ಉತ್ಪ್ರೇಕ್ಷೆಯೆನಿಸುವುದಿಲ್ಲ. ಗಲ್ ವಿಹಾರದಲ್ಲಿ ಒಂದೇ ಬಂಡೆಯ ಮೈಯಲ್ಲಿ ಕಡೆದ ನಾಲ್ಕು ವಿಗ್ರಹಗಳಿವೆ. ಮಲಗಿದ ಬುದ್ಧನ ಉದ್ದ ಸುಮಾರು 14 ಮೀಟರ್. ತಲೆದಿಂಬು ತಲೆಯ ಭಾರಕ್ಕೆ ತಗ್ಗಿರುವುದನ್ನು ಶಿಲ್ಪಿ ಕಲ್ಲಿನಲ್ಲಿ ತೋರಿಸಿದ್ದಾನೆ. ಶಿಲೆಯ ಸಹಜ ಪದರಗಳ ಗೆರೆಗಳು ಮುಖ, ಉಡುಪುಗಳ ಮೇಲೆಲ್ಲ ಹಾದುಹೋಗಿವೆ.

ಇಲ್ಲಿಂದ ಮಿನ್ನೇರಿಯ ದೂರವಿಲ್ಲ. ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಅಲ್ಲಿ ನೂರಾರು ಕಾಡಾನೆಗಳು ಒಂದೆಡೆ ಸೇರುವುದು ಏಷ್ಯಾದ ಆನೆಗಳ ಅತಿ ದೊಡ್ಡ ಕೂಟವೆಂದು ಪ್ರಸಿದ್ಧವಾಗಿದೆ. ಪ್ರವಾಸಿ ಪಟ್ಟಿಯಲ್ಲಿ ಇದು ನಿಸರ್ಗದ ಬದಿಗೆ ಸೇರುತ್ತದೆ. ಆದರೆ ಆನೆಗಳು ಸೇರುವ ಹುಲ್ಲುಗಾವಲು ಯಾವುದು? ಜೇತವನ ಸ್ತೂಪ ಕಟ್ಟಿಸಿದ ಅದೇ ಮಹಾಸೇನ ರಾಜ ನಿರ್ಮಿಸಿದ ಕೆರೆಯ ತಳ ಅದು. ಬೇಸಿಗೆಯಲ್ಲಿ ರೈತರಿಗೆ ನೀರು ಬಿಟ್ಟು ಕೆರೆ ಇಳಿದಂತೆ ತೇವದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿದಾಗ ಆನೆಗಳು ಮರಿಗಳೊಡನೆ ಅಲ್ಲಿಗಿಳಿಯುತ್ತವೆ. ಸುತ್ತಲಿನ ರೈತರು ಮಹಾಸೇನನನ್ನು ಮಿನ್ನೇರಿಯ ದೇವರೆಂದು ಇಂದಿಗೂ ಪೂಜಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಮೊರಗಹಕಂದ ಎಂಬ ಹೊಸ ಜಲಾಶಯದ ನೀರು ಬಂದು ಸೇರುತ್ತಿರುವುದರಿಂದ ಕೆರೆ ಬೇಸಿಗೆಯಲ್ಲೂ ತುಂಬಿಕೊಂಡು, ಹುಲ್ಲು ಮುಳುಗಿ, ಆನೆಗಳು ಮೇವಿಲ್ಲದೆ ಊರುಗಳತ್ತ ಹೋಗುತ್ತಿವೆ ಎಂದು ಸಂರಕ್ಷಣಾವಾದಿಗಳು ದೂರುತ್ತಿದ್ದಾರೆ. ಕೆರೆ ತುಂಬಿದರೆ ಸಂತೋಷಪಡುವುದು ನಮ್ಮ ಸ್ವಭಾವ. ಇಲ್ಲಿ ಸರಿಯಾದ ಕಾಲಕ್ಕೆ ಬತ್ತುವುದೂ ಮುಖ್ಯ. ಜೀಪುಗಳ ಸಾಲಿನಲ್ಲಿ ನುಗ್ಗಿ ಆನೆಗಳ ಗುಂಪನ್ನು ಒಡೆಯುವ ಚಾಲಕರಿಗೆ ಮಾತ್ರ ದಯವಿಟ್ಟು ಹೆಚ್ಚು ಹಣದ ಆಸೆ ತೋರಿಸಬೇಡಿ.

13ನೇ ಶತಮಾನದಲ್ಲಿ ಕಳಿಂಗ ಮಾಘನ ದಾಳಿಯ ನಂತರ ಪೊಲೊನ್ನರುವ ಕುಸಿಯಿತು. ಏರಿಗಳನ್ನು ನೋಡಿಕೊಳ್ಳುವ ಆಡಳಿತ ಕುಸಿದಾಗ ಕೆರೆಗಳು ಒಡೆದವು, ನಿಂತ ನೀರಿನಲ್ಲಿ ಮಲೇರಿಯಾ ಹಬ್ಬಿತು. ರಾಜಧಾನಿಗಳು ಒಂದೊಂದಾಗಿ ನೈಋತ್ಯಕ್ಕೂ ಬೆಟ್ಟಗಳಿಗೂ ಸರಿಯುತ್ತ ಕೊನೆಗೆ ಕ್ಯಾಂಡಿಗೆ ಬಂದು ನಿಂತವು. ಮೂರು ದಿಕ್ಕಿನಲ್ಲಿ ಮಹಾವೇಲಿ, ಸುತ್ತ ಬೆಟ್ಟ, ದಟ್ಟ ಕಾಡು ಇದ್ದುದರಿಂದ ಪೋರ್ಚುಗೀಸರೂ ಡಚ್ಚರೂ ಕ್ಯಾಂಡಿಯನ್ನು ದಕ್ಕಿಸಿಕೊಳ್ಳಲಾಗಲಿಲ್ಲ. ಬುದ್ಧನದೆಂದು ನಂಬಲಾದ ಹಲ್ಲನ್ನು ಇರಿಸಿರುವ ದಂತ ಧಾತುವಿನ ದೇವಾಲಯದ ಮುಂದಿನ ಕೊಳವನ್ನು ಕೊನೆಯ ರಾಜ ಶ್ರೀವಿಕ್ರಮ ರಾಜಸಿಂಹ 1807ರ ಸುಮಾರಿಗೆ ಗದ್ದೆಬಯಲಿನಲ್ಲಿ ಕಟ್ಟಿಸಿದ. ಅದರ ಉದ್ದೇಶ ಬೇಸಾಯವಲ್ಲ, ಅಂದ. 1815ರಲ್ಲಿ ಅವನದೇ ಸರದಾರರ ನೆರವಿನಿಂದ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡು ಅವನನ್ನು ವೇಲೂರಿಗೆ ಗಡೀಪಾರು ಮಾಡಿದರು.

ಕ್ಯಾಂಡಿಯಿಂದ ಬದುಲ್ಲದ ಕಡೆಗೆ ಹೋಗುವ ರೈಲು ಪ್ರಯಾಣವನ್ನು ಜಗತ್ತಿನ ಸುಂದರ ಪ್ರಯಾಣಗಳಲ್ಲೊಂದೆಂದು ಹೊಗಳುವವರೊಡನೆ ನಾನು ಜಗಳಕ್ಕಿಳಿಯುವುದಿಲ್ಲ. ಆದರೆ ಕಿಟಕಿಯಾಚೆಯ ಹಸಿರು ಪ್ರಕೃತಿಯದಲ್ಲ. ಬ್ರಿಟಿಷರು ಬೆಟ್ಟದ ಕಾಡು ಕಡಿದು ಮೊದಲು ಕಾಫಿ ನೆಟ್ಟರು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಕಾಫಿಯನ್ನು ನಾಶಮಾಡಿತು. 1867ರಲ್ಲೇ ಲೂಲ್‌ಕಂದುರ ತೋಟದಲ್ಲಿ ಜೇಮ್ಸ್ ಟೇಲರ್ ನೆಟ್ಟಿದ್ದ ಚಹಾ ಅದರ ಜಾಗವನ್ನು ಹಿಡಿಯಿತು. ದುಡಿಯಲು ತಮಿಳುನಾಡಿನಿಂದ ಜನರನ್ನು ತಂದರು. ಆರಂಭದ ದಶಕಗಳಲ್ಲಿ ಅವರು ಮನ್ನಾರಿನ ತೀರದಲ್ಲಿ ಇಳಿದು, ಶುಷ್ಕ ವಲಯದ ಪಾಳುಬಿದ್ದ ಕೆರೆಗಳ, ಮಲೇರಿಯಾ ತುಂಬಿದ ಕಾಡುಗಳ ನಡುವೆ ದಂಬುಲ್ಲ, ಮಾತಲೆಗಳ ಮೂಲಕ ಕಾಲ್ನಡಿಗೆಯಲ್ಲಿ ಬೆಟ್ಟ ಸೇರಬೇಕಿತ್ತು. ದಾರಿಯಲ್ಲಿ ಸತ್ತವರು ಬಹಳ. ಸ್ವತಂತ್ರ ದೇಶದ 1948ರ ಪೌರತ್ವ ಕಾಯಿದೆ ಅವರ ಸಂತತಿಯಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರಲ್ಲಿ ಸಿರಿಮಾವೋ ಬಂಡಾರನಾಯಕೆ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರ ಒಪ್ಪಂದದಲ್ಲಿ ಅವರನ್ನು ಎರಡು ದೇಶಗಳು ಹಂಚಿಕೊಂಡವು. ತೋಟಗಳ ಅಂಚಿನಲ್ಲಿ ಕಾಣುವ ಸಾಲುಮನೆಗಳನ್ನು, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರನ್ನು ಚಿತ್ರಕ್ಕೆ ಅಲಂಕಾರವೆಂದು ಬಳಸಿಕೊಳ್ಳುವ ಮೊದಲು ಇಷ್ಟಾದರೂ ತಿಳಿದಿರಬೇಕು. ದೆಮೋದರದ ಬಳಿಯ, 1921ರಲ್ಲಿ ಮುಗಿದ ಒಂಬತ್ತು ಕಮಾನಿನ ಸೇತುವೆಯನ್ನು ನೋಡಲು ಹೋಗುವವರು ಹಳಿಯ ಮೇಲೆ ನಿಲ್ಲಬಾರದು; ಅಲ್ಲಿ ರೈಲುಗಳು ನಿಜವಾಗಿಯೂ ಓಡಾಡುತ್ತವೆ.

ಇನ್ನೂ ಮೇಲಕ್ಕೆ ಹೋದರೆ, 2,100 ಮೀಟರಿಗಿಂತ ಎತ್ತರದಲ್ಲಿ, ಹಾರ್ಟನ್ ಬಯಲು. ಚಹಾ ತೋಟಗಳು ಇಲ್ಲಿಗೂ ಹಬ್ಬಬಹುದಿತ್ತು. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1873ರಲ್ಲಿ ಕೊಟ್ಟ ಸಲಹೆಯಂತೆ 5,000 ಅಡಿಗಿಂತ ಮೇಲಿನ ಕಾಡುಗಳನ್ನು ಕಡಿಯದೆ ಬಿಡುವ ನಿರ್ಧಾರವಾದುದರಿಂದ ಇಷ್ಟು ಉಳಿದಿದೆ. 1988ರಿಂದ ಇದು ರಾಷ್ಟ್ರೀಯ ಉದ್ಯಾನ. ಜಗದಂಚು ಎಂದು ಕರೆಯುವ ಕಡಿದಾದ ಪ್ರಪಾತ ಸುಮಾರು 870 ಮೀಟರ್ ಆಳವಿದೆ; ಬೆಳಗ್ಗೆ ಒಂಬತ್ತು ಹತ್ತರ ನಂತರ ಮಂಜು ಮೇಲೇರಿ ಬಿಳಿ ಗೋಡೆಯ ಹೊರತು ಏನೂ ಕಾಣದಿರುವ ಸಾಧ್ಯತೆಯೇ ಹೆಚ್ಚು, ಆದ್ದರಿಂದ ಬೆಳಕು ಹರಿಯುವಾಗಲೇ ಬಾಗಿಲಲ್ಲಿರಬೇಕು. ಜನ ಪ್ರಪಾತ ನೋಡಿ ಹಿಂದಿರುಗುತ್ತಾರೆ. ಹುಲ್ಲುಗಾವಲಿನ ನಡುವಿನ ತೊರೆಗಳನ್ನೂ ಕುಳ್ಳು ಮರಗಳ ಪಾಚಿಯನ್ನೂ ನೋಡಿ ಎಂಬುದು ನನ್ನ ಕೋರಿಕೆ. ಮಳೆಯಾಗಿ ಬೀಳದ ಮಂಜೂ ಈ ಎಲೆ ಪಾಚಿಗಳಿಗೆ ತಾಗಿ ಹನಿಯಾಗಿ ನೆಲಕ್ಕಿಳಿಯುತ್ತದೆ. ದ್ವೀಪದ ಅತಿ ಉದ್ದದ ನದಿಯಾದ, 335 ಕಿಲೋಮೀಟರ್ ಹರಿಯುವ ಮಹಾವೇಲಿಯ ಮೂಲ ತೊರೆಗಳು ಇಲ್ಲಿವೆ. 1976ರಲ್ಲಿ ಕ್ಯಾಂಡಿಯ ಬಳಿ ಪೊಲ್ಗೊಲ್ಲದಲ್ಲಿ ಅಣೆಕಟ್ಟು ಕಟ್ಟಿ, ಬೆಟ್ಟದೊಳಗೆ ಸುರಂಗ ಕೊರೆದು ಮಹಾವೇಲಿಯ ನೀರನ್ನು ಉತ್ತರಕ್ಕೆ ತಿರುಗಿಸಿದರು. ಬೋವತೆನ್ನ ಎಂಬಲ್ಲಿ ಮತ್ತೆ ಕವಲೊಡೆದು ಅದರ ಒಂದು ಪಾಲು ಕಲಾ ವೆವವನ್ನು ಸೇರುತ್ತದೆ. ಅಂದರೆ ಹಾರ್ಟನ್ ಬಯಲಿನ ಪಾಚಿಯಿಂದ ತೊಟ್ಟಿಕ್ಕಿದ ನೀರು ಧಾತುಸೇನನ ಕೆರೆಯಲ್ಲಿ ತಂಗಿ, ಜಯಗಂಗೆಯಲ್ಲಿ ಹರಿದು ಅನುರಾಧಪುರವನ್ನು ತಲುಪಬಲ್ಲದು.

ಈ ಜಾಡಿಗೆ ಸೇರದವನ್ನು ಬೇಗನೆ ಹೇಳಿಬಿಡುತ್ತೇನೆ. ಗಾಲೆಯ ಕೋಟೆಯನ್ನು ಪೋರ್ಚುಗೀಸರು ಆರಂಭಿಸಿ, 1640ರ ನಂತರ ಡಚ್ಚರು ವಿಸ್ತರಿಸಿದರು; 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹೊರಗಿನ ಹೊಸ ಪಟ್ಟಣ ನಲುಗಿದರೂ ಕೋಟೆಯ ಗೋಡೆ ಒಳಗಿನ ಬೀದಿಗಳನ್ನು ಬಹುಮಟ್ಟಿಗೆ ಕಾಪಾಡಿತು. ಸಿಂಹರಾಜ ಕಾಡಿಗೆ ಹೋಗುವವರು ಜಿಗಣೆಗಳಿಗೆ ಸಿದ್ಧರಾಗಿರಬೇಕು. 2,243 ಮೀಟರ್ ಎತ್ತರದ ಶ್ರೀಪಾದದ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಯಾತ್ರೆಯ ಕಾಲ ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆಯವರೆಗೆ.

ಯಾವ ಕಾಲದಲ್ಲಿ ಹೋಗಬೇಕೆಂದು ಸಂಘಟಕರು ಮೊದಲೇ ಕೇಳಿದ್ದಾರೆ. ಎರಡು ಮಾರುತಗಳ ದೇಶಕ್ಕೆ ಒಂದೇ ಉತ್ತರವಿಲ್ಲ. ಶ್ರೀಪಾದ, ಗಾಲೆ ಮತ್ತು ನೈಋತ್ಯ ಕರಾವಳಿಗೆ ಡಿಸೆಂಬರಿನಿಂದ ಮಾರ್ಚ್ ಸೂಕ್ತ. ಮಿನ್ನೇರಿಯದ ಆನೆಗಳಿಗೆ, ತ್ರಿಂಕೋಮಲಿಯ ಕಡಲಿಗೆ ಜುಲೈಯಿಂದ ಸೆಪ್ಟೆಂಬರ್. ಕೆರೆಗಳು ತುಂಬಿದ್ದನ್ನು, ಸಿಗಿರಿಯದ ಕಾರಂಜಿ ಚಿಮ್ಮುವುದನ್ನು ನೋಡಬೇಕೆಂದರೆ ಈಶಾನ್ಯದ ಮಳೆ ಸುರಿದ ಬೆನ್ನಿಗೇ, ಜನವರಿಯ ಸುಮಾರಿಗೆ ಹೋಗಬೇಕು. ಹುಣ್ಣಿಮೆಯ ದಿನಗಳು ಅಲ್ಲಿ ಸಾರ್ವಜನಿಕ ರಜೆ. ಅನುರಾಧಪುರದಲ್ಲಿ ಬಿಳಿಯುಟ್ಟ ಯಾತ್ರಿಕರ ಜನಸಾಗರ ಸೇರುತ್ತದೆ, ಕೆಲವರಿಗೆ ಅದೇ ಆಕರ್ಷಣೆ. ವಿಹಾರಗಳಲ್ಲಿ ಭುಜ, ಮೊಣಕಾಲು ಮುಚ್ಚುವ ಉಡುಪಿರಬೇಕು, ಪಾದರಕ್ಷೆಯನ್ನೂ ಟೋಪಿಯನ್ನೂ ತೆಗೆಯಬೇಕು, ಬುದ್ಧ ವಿಗ್ರಹಕ್ಕೆ ಬೆನ್ನು ಮಾಡಿ ಚಿತ್ರ ತೆಗೆಸಿಕೊಳ್ಳಬಾರದು. ಮಧ್ಯಾಹ್ನ ಅಲ್ಲಿನ ಕಲ್ಲುಹಾಸು ಕಾದು ಕಾಲು ಸುಡುತ್ತದೆ, ಆದ್ದರಿಂದ ಚೀಲದಲ್ಲೊಂದು ಜೊತೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ದಿನಗಳು ಕಡಿಮೆಯಿದ್ದು ಏನನ್ನಾದರೂ ಬಿಡಲೇಬೇಕೆಂದಿದ್ದರೆ ಕೊಲಂಬೊದ ಅಂಗಡಿಬೀದಿಗಳನ್ನು ಬಿಟ್ಟು ಕಲಾ ವೆವಕ್ಕೆ ಅರ್ಧ ದಿನ ಕೊಡಿ.